ಚಿಪ್ಪಿನ ಗುಂಡಿಯ ಊರು

ಬಾಯಮ್ಮನ ಕೊರಳಿನ ತೆಳು ಸರದಲ್ಲಿ, ಶಿಲುಬೆಯ ಪಕ್ಕಕ್ಕೆ, ಕೋಟಿನ ಒಂದು ಗುಂಡಿ ನೇತಾಡುತ್ತಿತ್ತು. ನಾಲ್ಕು ತೂತಿನ, ಹಾಲುಬಣ್ಣದ, ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ಗುಂಡಿ. ಬೆಳಕಿಗೆ ತಿರುಗಿದರೆ ಅದರೊಳಗೆ ನಸುಗುಲಾಬಿ, ನಸುಹಸಿರು ಓಡಾಡುತ್ತಿದ್ದವು. ಮಾತಾಡುವಾಗ ಅವರ ಎಡಗೈ ತಾನಾಗಿ ಅಲ್ಲಿಗೆ ಹೋಗಿ ಗುಂಡಿಯನ್ನು ಶಿಲುಬೆಗೆ ಟಿಕ್ ಟಿಕ್ ಎಂದು ತಾಗಿಸುತ್ತಿತ್ತು. ಬಹ್ರೇನಿನ ಉಮ್ ಅಲ್ ಹಸ್ಸಮ್‌ನ ನಮ್ಮ ಹಳೆಯ ಕಟ್ಟಡದ ಮೆಟ್ಟಿಲಲ್ಲಿ ಆ ಸದ್ದು ಕೇಳಿದರೆ, ಬಾಗಿಲು ತೆರೆಯಲೋ ಬೇಡವೋ ಎಂದು ನಾನು ಒಂದು ಗಳಿಗೆ ಯೋಚಿಸುತ್ತಿದ್ದೆ. ಬಾಯಮ್ಮ ಬಂದರೆ ಅವರ ಜೊತೆಗೆ ಅಮೆರಿಕದ ಒಂದು ಸಣ್ಣ ಪಟ್ಟಣವೂ ಬಂದು ನಮ್ಮ ಸೋಫಾದ ಮೇಲೆ ಕೂರುತ್ತಿತ್ತು.

ನಮ್ಮ ಕರಾವಳಿಯಲ್ಲಿ ಕ್ರಿಶ್ಚಿಯನ್ ಹೆಂಗಸರನ್ನು ಮರ್ಯಾದೆಯಿಂದ ಕರೆಯುವುದೇ ಬಾಯಮ್ಮ ಎಂದು. ಇವರು ಕಿನ್ನಿಗೋಳಿ ಕಡೆಯವರು, ಮದುವೆಯಾಗಿರಲಿಲ್ಲ. ನಮ್ಮ ಎದುರಿನ ಫ್ಲ್ಯಾಟಿನ ಒಂದು ಕೋಣೆಯಲ್ಲಿದ್ದರು. ನಾನು ನೋಡುವ ಹೊತ್ತಿಗೆ ಮಾಹೂಝ್‌ನ ಎರಡು ಮನೆಗಳಲ್ಲಿ ಅಡುಗೆ ಮಾಡುತ್ತಿದ್ದರು. ಆದರೆ ‘ಕೆಲಸ’ ಎಂದು ಅವರು ಹೇಳುತ್ತಿದ್ದದ್ದು ಒಂದೇ ಕೆಲಸವನ್ನು. ಹಿಂದೆ ಜುಫೈರಿನಲ್ಲಿ, ಅಮೆರಿಕದವರ ನೌಕಾನೆಲೆಯಲ್ಲಿ ನೌಕರಿಗಿದ್ದ ಒಬ್ಬರ ಮನೆಯಲ್ಲಿ ಅವರು ಹೆಣ್ಣುಮಗುವೊಂದನ್ನು ಸಾಕಿದ್ದರು. ಹುಟ್ಟಿದ ಇಪ್ಪತ್ತನೆಯ ದಿನದಿಂದ ಐದು ವರ್ಷ ತುಂಬುವ ತನಕ. ಆಮೇಲೆ ಆ ಸಂಸಾರ ತಮ್ಮೂರಿಗೆ ಹೋಯಿತು.

ಆ ಊರಿನ ಬಗ್ಗೆ ಒಂದು ಚಿತ್ರಪುಸ್ತಕವಿತ್ತು. ಮಗು ತನ್ನ ಊರನ್ನು ಮರೆಯಬಾರದೆಂದು ತಾಯಿ ತರಿಸಿದ್ದು. ದಿನಾ ಮಧ್ಯಾಹ್ನ ಊಟವಾದ ಮೇಲೆ ಓದಿ ಹೇಳಬೇಕು. ತಾಯಿ ಮೂರು ದಿನ ಓದಿ, ನಾಲ್ಕನೆಯ ದಿನ ಪುಸ್ತಕವನ್ನು ಬಾಯಮ್ಮನ ಕೈಗೆ ಕೊಟ್ಟರು. ಕನ್ನಡ ಶಾಲೆಯಲ್ಲಿ ಏಳನೆಯವರೆಗೆ ಓದಿದ್ದ ಬಾಯಮ್ಮ ಅಕ್ಷರಕ್ಕೆ ಅಕ್ಷರ ಕೂಡಿಸಿ ಇಂಗ್ಲಿಷ್ ಕಲಿತದ್ದು ಆ ಪುಸ್ತಕದಿಂದ. ಹಾಗಾಗಿ ಅವರ ಇಂಗ್ಲಿಷಿನಲ್ಲಿ ಒಂದು ಕಿಲೋ ಈರುಳ್ಳಿ ಕೇಳುವ ಶಬ್ದಗಳಿಗಿಂತ ನೆರೆ, ದೋಣಿ, ಕಾರ್ಖಾನೆ, ವಲಸೆ ಎಂಬ ಶಬ್ದಗಳೇ ಹೆಚ್ಚಿದ್ದವು. ಮಗುವಿಗೆ ಅದರ ಊರನ್ನು ಕಲಿಸಿದ್ದು ಆ ಊರನ್ನು ಕಾಣದ ಕಿನ್ನಿಗೋಳಿಯ ಹೆಂಗಸು.

ಏನಂಥ ಊರು? ದೊಡ್ಡ ಹೊಳೆಯೊಂದು ಲಾಳದ ಹಾಗೆ ತಿರುಗುವ ಕಡೆ ಇರುವ ಊರು. ಕಬ್ಬಿಣದ ಸೇತುವೆ. ಸೇತುವೆ ದಾಟಿದರೆ ಒಂದೇ ಒಂದು ದೊಡ್ಡ ಬೀದಿ, ಅದರ ಕೊನೆಗೆ ಗುಡ್ಡ. ಮೊದಲು ಮರದ ಕಾರ್ಖಾನೆಗಳು. ಕಾಡು ಮುಗಿದ ಮೇಲೆ ಯಾರೋ ಜರ್ಮನಿಯವನು ಬಂದು ಹೊಳೆಯ ಚಿಪ್ಪನ್ನು ನೋಡಿ, ಇದರಿಂದ ಅಂಗಿಯ ಗುಂಡಿ ಕೊರೆಯಬಹುದಲ್ಲ ಎಂದುಕೊಂಡನಂತೆ. ಅಲ್ಲಿಂದ ಎರಡು ತಲೆಮಾರು ಊರಿಡೀ ಗುಂಡಿಯೇ.

“ಹೊಳೆಯಲ್ಲಿ ರಾಶಿ ರಾಶಿ ಮರುವಾಯಿ, ನಮ್ಮ ಚಿಪ್ಪುಮೀನು, ಗೊತ್ತುಂಟಾ? ದೋಣಿ ತುಂಬ ತಂದು, ದೊಡ್ಡ ಹಂಡೆಯಲ್ಲಿ ಬೇಯಿಸುದು. ಚಿಪ್ಪು ಕಾರ್ಖಾನೆಗೆ.”

“ಒಳಗಿನ ಮಾಂಸ?” ಎಂದು ಒಮ್ಮೆ ನನ್ನ ಹೆಂಡತಿ ಕೇಳಿದಳು. ನಾವು ಮೀನು ಮುಟ್ಟದವರು. ಆದರೂ ಕೇಳಬೇಕೆನಿಸುವಂತೆ ಬಾಯಮ್ಮ ಹೇಳುತ್ತಿದ್ದರು.

“ಹಂದಿಗೆ! ಅಷ್ಟು ಮರುವಾಯಿ, ಹಂದಿಗೆ ಹಾಕಿದ್ರು ಮಾರಾಯ್ರೇ. ಒಂದು ತೆಂಗಿನಕಾಯಿ, ನಾಲ್ಕು ಮೆಣಸು ಇದ್ದಿದ್ರೆ…” ಎಂದು ಅವರು ಹಣೆ ಚಚ್ಚಿಕೊಂಡರು. ನೂರು ವರ್ಷದ ಹಿಂದೆ ಅಮೆರಿಕದಲ್ಲಿ ಹಾಳಾದ ಮರುವಾಯಿ ಸುಕ್ಕದ ಅಡುಗೆಯ ಬಗ್ಗೆ ಅವರಿಗೆ ನಿಜವಾದ ಸಂಕಟವಿತ್ತು.

ಬಹ್ರೇನಿನ ಹಳಬರು ಇದೇ ಸಮುದ್ರದಲ್ಲಿ ಮುಳುಗಿ ಮುತ್ತು ತೆಗೆದದ್ದು ಅವರಿಗೆ ಗೊತ್ತಿತ್ತು. “ಇವ್ರು ಮುತ್ತು ಇಟ್ಕೊಂಡು ಚಿಪ್ಪು ಬಿಸಾಡಿದ್ರು, ಅವ್ರು ಚಿಪ್ಪು ಇಟ್ಕೊಂಡ್ರು. ಇಲ್ಲಿಯ ಕಸುಬನ್ನು ಮನುಷ್ಯರೇ ಸಾಕಿ ಬೆಳೆಸಿದ ಮುತ್ತು ಕೊಂದಿತು, ಅಲ್ಲಿಯದ್ದನ್ನು ಪ್ಲಾಸ್ಟಿಕ್. ಎರಡು ಕಡೆಯೂ ಮುಳುಗಿದವ ಬಡವನೇ,” ಎನ್ನುತ್ತಿದ್ದರು. ಆ ಊರಿನ ಜನರೆಂದರೆ ಗುಡ್ಡದ ಮೇಲೆ ಕಾರ್ಖಾನೆಯ ಧಣಿಗಳು, ಇಳಿಜಾರಿನಲ್ಲಿ ಜರ್ಮನರು, ಹೊಳೆಯ ಬದಿ ಕರಿಯರು, ಈಚೆಗೆ ಟೊಮೆಟೊ ಕೊಯ್ಯಲು ಬಂದ ಮೆಕ್ಸಿಕೋದವರು. ನೆರೆ ಬಂದಾಗ ಮೊದಲು ಯಾರ ಮನೆಗೆ ನೀರು ಎಂದು ಪುಸ್ತಕದಲ್ಲಿರಲಿಲ್ಲ. ಬಾಯಮ್ಮ ಹಿಂದಿನ ಪುಟದ ನಕ್ಷೆ ನೋಡಿ ತಾವೇ ಹೇಳುತ್ತಿದ್ದರು. ಆ ನಕ್ಷೆ ಪುಸ್ತಕದಿಂದ ಹರಿದು ಬಂದಿತ್ತಂತೆ. ಅದು ಅವರ ಕೋಣೆಯ ಗೋಡೆಯಲ್ಲಿ, ಮಾತೆ ಮರಿಯಳ ಚಿತ್ರದ ಕೆಳಗೆ ಇತ್ತು.

ಗುಂಡಿಯ ವಿಷಯ. ಮಗುವಿನ ಮುತ್ತಜ್ಜಿ ಆ ಕಾರ್ಖಾನೆಯಲ್ಲಿ ದುಡಿದವರು. ಹೊರಡುವ ದಿನ ಮಗು ಹಾಕಿಕೊಂಡ ಕೋಟಿನಲ್ಲಿದ್ದದ್ದು ಅಲ್ಲಿಯ ಗುಂಡಿ. ವಿಮಾನ ನಿಲ್ದಾಣದಲ್ಲಿ ಮಗು ಬಾಯಮ್ಮನ ಕತ್ತು ಬಿಡದೆ ಹಿಡಿದು, ತಾಯಿ ಎಳೆದು, ಆ ಎಳೆದಾಟದಲ್ಲಿ ಕಿತ್ತು ಬಂದು ಇವರ ಕೈಯಲ್ಲಿ ಉಳಿಯಿತು. ಬಾಯಮ್ಮ ಮಾತ್ರ “ಬೇಬಿ ಕೊಟ್ಟದ್ದು” ಎಂದೇ ಹೇಳುತ್ತಿದ್ದರು.

ಇನ್ನು ನನ್ನ ವಿಷಯ ಹೇಳದೆ ಗತಿಯಿಲ್ಲ. ನಾನು ಒಂದು ಕಂಪನಿಯಲ್ಲಿ ಕಾಗದಪತ್ರ ಕಾಯುವವನು. ಯಾವ ಕಾಗದಕ್ಕೆ ಯಾವ ನಂಬರು, ಯಾವ ಫೈಲು ಎಂಬುದೇ ನನ್ನ ವಿದ್ಯೆ. ಮನೆಯಲ್ಲೂ ಗ್ಯಾಸ್ ಆರಿಸಿದೆನೇ, ಇಲ್ಲಿಯ ಗುರುತಿನ ಸಿಪಿಆರ್ ಕಾರ್ಡಿನ ಅವಧಿ ಮುಗಿಯಿತೇ ಎಂದು ದಿನಕ್ಕೆ ನಾಲ್ಕು ಸಲ ನೋಡುವವನು. “ನಿಮ್ಮದು ಇಪ್ಪತ್ನಾಲ್ಕು ಗಂಟೆಯೂ ಮಂಡೆಬೆಚ್ಚ,” ಎಂದು ಬಾಯಮ್ಮ ನಗುತ್ತಿದ್ದರು. ಅವರಿಗೆ ಅಮೆರಿಕದಿಂದ ಪ್ರತಿ ಕ್ರಿಸ್ಮಸ್‌ಗೆ ಬರುತ್ತಿದ್ದ ಅಚ್ಚಾದ ಕಾರ್ಡು ನಮ್ಮ ಕಂಪನಿಯ ಅಂಚೆಪೆಟ್ಟಿಗೆಗೆ ಬರುತ್ತಿತ್ತು. ಅದಕ್ಕಾಗಿ ಕಂಪನಿಯವರು ಯಾವತ್ತು ನನ್ನನ್ನು ಮನೆಗೆ ಕಳಿಸುತ್ತಾರೋ ಎಂದು ಪ್ರತಿ ಡಿಸೆಂಬರಿನಲ್ಲೂ ಹೆದರಿದ್ದೇನೆ.

ಆ ಸಲ ಡಿಸೆಂಬರಲ್ಲದ ಕಾಲದಲ್ಲಿ ಒಂದು ದಪ್ಪ ಕಾರ್ಡು ಬಂತು. ಮಗು ಈಗ ಹದಿನೆಂಟರ ಹುಡುಗಿ. ನೀಲಿ ಗೌನು, ಚೌಕ ಟೋಪಿ. ಹೈಸ್ಕೂಲು ಮುಗಿಸಿದ ಸಂತೋಷ, ಸಮಾರಂಭದ ದಿನ, ಜಾಗ. ಕೆಳಗೆ ಅವಳ ಹೆಸರು.

ಬಾಯಮ್ಮ ಕಾರ್ಡನ್ನು ಬೆಳಕಿಗೆ ಹಿಡಿದರು. “ಹೇಳಿಕೆ ಬಂತು!” ಎಂದರು.

ನಮ್ಮ ಕಡೆಯವರಿಗೆ ಈ ಶಬ್ದದ ತೂಕ ಗೊತ್ತು. ಹೇಳಿಕೆ ಎಂದರೆ ಬರಿಯ ಸುದ್ದಿಯಲ್ಲ, ಕರೆ. ಕರೆಯದಿದ್ದರೆ ಒಡಹುಟ್ಟಿದವರ ಮನೆಯ ಊಟಕ್ಕೂ ಹೋಗುವುದಿಲ್ಲ. ಕರೆದ ಮೇಲೆ ಹೋಗದಿದ್ದರೆ ಅದು ಜನ್ಮವಿಡೀ ಉಳಿಯುವ ಮಾತು.

ಕಾರ್ಡನ್ನು ನನ್ನ ಹೆಂಡತಿ ಎರಡು ಸಲ ತಿರುಗಿಸಿ ನೋಡಿದಳು. “ಇದ್ರಲ್ಲಿ ಬನ್ನಿ ಅಂತ ಎಲ್ಲಿ ಉಂಟು?” ಎಂದು ನನ್ನನ್ನು ಕೇಳಿದಳು.

“ದಿನ, ಜಾಗ ಹಾಕಿ ಏಳು ಸಮುದ್ರ ದಾಟಿಸಿ ಕಳಿಸಿದ್ದಾರೆ. ಮತ್ತೆ ಯಾಕೆ ಕಳಿಸುದು? ನಾವು ಮನೆಯಲ್ಲೇ ಕೂತಿರ್ಲಿಕ್ಕಾ?” ಎಂದೆ ನಾನು. ಕಾಗದದ ವಿಷಯದಲ್ಲಿ ನನ್ನ ಮಾತನ್ನು ಮನೆಯಲ್ಲಿ ಯಾರೂ ಮೀರುವುದಿಲ್ಲ. ಅಲ್ಲಿನವರು ಇಂಥ ಕಾರ್ಡನ್ನು ಬರಿಯ ಸುದ್ದಿಗೆಂದು ಪರಿಚಯದ ಎಲ್ಲರಿಗೂ ಕಳಿಸುತ್ತಾರೆ ಎಂಬುದು ನನಗೆ ಗೊತ್ತಿರಲಿಲ್ಲ.

ವೀಸಾಕ್ಕೆ ಅರ್ಜಿ ಹಾಕಿದೆವು. ನಾನು ಫೈಲು ಕಟ್ಟಿದೆ. ಕೊಲ್ಲಿಯಲ್ಲಿ ಇಪ್ಪತ್ತು ವರ್ಷ ಇದ್ದವನಿಗೆ ಗೊತ್ತಿರುವ ಸತ್ಯ ಒಂದೇ: ಯಾವ ಕಚೇರಿಯ ಕಿಟಕಿಗೆ ಹೋದರೂ ಒಂದು ಕಾಗದ ಕಡಿಮೆ ಬೀಳುತ್ತದೆ. ಅದಕ್ಕೆ ಬ್ಯಾಪ್ಟಿಸಂ ಸರ್ಟಿಫಿಕೇಟಿನಿಂದ ಹಿಡಿದು ಕ್ರಿಸ್ಮಸ್ ಕಾರ್ಡುಗಳವರೆಗೆ ಎಲ್ಲ ಸೇರಿಸಿ, ಬಣ್ಣದ ಚೀಟಿ ಅಂಟಿಸಿದೆ. ಅಷ್ಟಕ್ಕೂ ಸಮಾಧಾನವಾಗದೆ ಬಾಯಮ್ಮನನ್ನು ಸೋಫಾದ ಮೇಲೆ ಕೂರಿಸಿ ಪಾಠ ಶುರುಮಾಡಿದೆ.

“ಊರು ಯಾವ ಹೊಳೆಯ ಬದಿ? ಸೇತುವೆ ಎಂಥದ್ದು? ಕಾರ್ಖಾನೆ ಯಾಕೆ ಮುಚ್ಚಿತು? ತಡವರಿಸಬಾರ್ದು. ಕೇಳಿದ ಕೂಡ್ಲೇ ಹೇಳ್ಬೇಕು.”

“ಅದೆಲ್ಲ ನನಗೆ ಗೊತ್ತುಂಟಲ್ಲ ಮಾರಾಯ್ರೇ.”

“ಗೊತ್ತಿದ್ರೆ ಸಾಲದು. ಒಂದರ ಹಿಂದೆ ಒಂದು ಬರ್ಬೇಕು.”

ದಿನಾ ಸಂಜೆ ಹೇಳಿಸಿದೆ. ಮರುವಾಯಿ, ಹಂದಿ, ತೆಂಗಿನಕಾಯಿ ಎಲ್ಲ ತೆಗೆದು ಹಾಕಿಸಿದೆ. ಕೊನೆಕೊನೆಗೆ ಬಾಯಮ್ಮ ಆ ಊರಿನ ಬಗ್ಗೆ ಮಾತಾಡುವಾಗ ಗುಂಡಿಯನ್ನು ಮುಟ್ಟುವುದನ್ನೂ ಬಿಟ್ಟರು. ಅದೂ ನನ್ನದೇ ಸೂಚನೆ. ಕೈ ಅಲ್ಲಾಡಿದರೆ ಹೆದರಿದ್ದಾರೆ ಎಂದು ತಿಳಿಯುತ್ತಾರೆ ಎಂದಿದ್ದೆ.

ಇದರ ನಡುವೆ, ಫೈಲಿಗೆ ಒಂದು ಆಮಂತ್ರಣ ಪತ್ರ ಇದ್ದರೆ ಗಟ್ಟಿ ಎಂದು, ಬಾಯಮ್ಮನಿಗೆ ಹೇಳದೆ ಮಗುವಿನ ತಾಯಿಗೆ ಈಮೇಲ್ ಬರೆದಿದ್ದೆ. ಸಂದರ್ಶನಕ್ಕೆ ನಾಲ್ಕು ದಿನವಿರುವಾಗ ಉತ್ತರ ಬಂತು. ತುಂಬ ನಯವಾದ ಕಾಗದ. ಕಾರ್ಡನ್ನು ಹಳೆಯ ವಿಳಾಸಪಟ್ಟಿಯಲ್ಲಿದ್ದ ಎಲ್ಲರಿಗೂ ಕಳಿಸಿದ್ದಂತೆ. ಯಾರಾದರೂ ಅಷ್ಟು ದೂರದಿಂದ ಬರಬಹುದೆಂದು ಅವರು ಎಣಿಸಿರಲಿಲ್ಲ. ಮನೆಯಲ್ಲಿ ಜಾಗವಿಲ್ಲ, ಮಗಳಿಗೆ ಆ ದಿನಗಳ ನೆನಪೂ ಇಲ್ಲ, ದಯವಿಟ್ಟು ಅವರಿಗೆ ಬೇಸರವಾಗದ ಹಾಗೆ ತಿಳಿಸಿ ಎಂದಿತ್ತು.

ಬೇಸರವಾಗದ ಹಾಗೆ ತಿಳಿಸುವ ಕೆಲಸ ನನಗೆ ಬಿತ್ತು.

“ಇವತ್ತೇ ಹೇಳಿ ಬಿಡಿ,” ಎಂದಳು ಹೆಂಡತಿ.

“ಹೇಗೆ ಹೇಳುದು?”

“ಬಾಯಲ್ಲಿ.”

ನಾನು ಹೇಳಲಿಲ್ಲ. ಒಂದು ದಿನ ತಲೆನೋವು, ಒಂದು ದಿನ ಬಾಯಮ್ಮನ ಕೋಣೆಯಲ್ಲಿ ಜಪಮಾಲೆಗೆ ಬಂದ ಹೆಂಗಸರು, ಒಂದು ದಿನ ಅವರು ಮಗುವಿಗೆಂದು ಮಾಡಿಟ್ಟ ಕ್ರಿಸ್ಮಸ್ ತಿಂಡಿ ಕುಸ್ವಾರ್‌ನ ಡಬ್ಬ ತೋರಿಸಿದ್ದು. ಕೊನೆಗೆ ನನ್ನ ಮನಸ್ಸು ಒಂದು ಉಪಾಯ ಕಂಡುಕೊಂಡಿತು: ಹೇಗೂ ವೀಸಾ ಸಿಗುವುದು ಕಷ್ಟ. ಕಿಟಕಿಯವರೇ ಇಲ್ಲ ಎನ್ನಲಿ, ನಾನು ಯಾಕೆ ಅನ್ನಬೇಕು? ಆ ದಪ್ಪ ಫೈಲಿನಲ್ಲಿ ಆ ಒಂದು ಕಾಗದವನ್ನು ಮಾತ್ರ ನಾನು ಸೇರಿಸಲಿಲ್ಲ.

ಸಂದರ್ಶನದ ದಿನ ಅಮೆರಿಕದ ರಾಯಭಾರ ಕಚೇರಿಯ ಒಳಗೆ ಹೋದ ಬಾಯಮ್ಮ ಬೇಗ ಹೊರಗೆ ಬಂದರು. ಹೊರಗಿನ ಬಿಸಿಲಿನಲ್ಲಿ ನಾನು ನಿಂತಿದ್ದೆ.

“ಎಂತಾಯ್ತು?”

“ಕೊಡ್ಲಿಲ್ಲ.” ಅವರು ಫೈಲನ್ನು ನನ್ನ ಕೈಗಿತ್ತರು. “ಫೈಲು ಬಿಡಿಸಿ ನೋಡ್ಲೇ ಇಲ್ಲ ಅವ. ಪಾಪ, ನೀವು ಎಷ್ಟು ಚೀಟಿ ಅಂಟಿಸಿದ್ರಿ.”

“ನೀವು ಊರಿನ ಬಗ್ಗೆ ಹೇಳಿದ್ರಾ?”

“ಒಂದು ಶಬ್ದ ಬಿಡದೆ ಹೇಳಿದೆ. ಅವ ಕೈ ಅಡ್ಡ ಹಿಡಿದು, ಆ ಊರಿಗೆ ಹೋಗಿದ್ದೀರಾ ಕೇಳಿದ. ಇಲ್ಲ ಹೇಳಿದೆ. ಹಾಗಾದ್ರೆ ಇದನ್ನೆಲ್ಲ ಯಾರು ಬಾಯಿಪಾಠ ಮಾಡಿಸಿದ್ದು ಕೇಳಿದ.”

“ನೀವೆಂತ ಹೇಳಿದ್ರಿ?”

“ನಿಮ್ಮ ಹೆಸರು ಯಾಕೆ ಹೇಳ್ಲಿ? ನಿಮಗೆ ಮತ್ತೆ ಮಂಡೆಬೆಚ್ಚ.”

ಹದಿಮೂರು ವರ್ಷ ಎದೆಯ ಮೇಲೆ ಇಟ್ಟುಕೊಂಡ ಊರು ಅದು. ಅವರಷ್ಟಕ್ಕೆ ಬಿಟ್ಟಿದ್ದರೆ ಮರುವಾಯಿಯಿಂದ ಶುರುಮಾಡಿ, ಗುಂಡಿ ತೋರಿಸಿ, ಕಿಟಕಿಯ ಆಚೆಗಿನವನನ್ನೂ ನಗಿಸುತ್ತಿದ್ದರೇನೋ. ಅವರಲ್ಲಿದ್ದ ನಿಜವನ್ನು ನಾನೇ ತಿಕ್ಕಿ ತಿಕ್ಕಿ ಸುಳ್ಳಿನ ಹಾಗೆ ಮಾಡಿ ಕಳಿಸಿದ್ದೆ. ವೀಸಾ ಸಿಕ್ಕಿದ್ದರೆ ಏನಾಗುತ್ತಿತ್ತೆಂಬುದು ಬೇರೆ ಮಾತು. ಬೇಡದ ಮನೆಯ ಬಾಗಿಲಿಗೆ ಕುಸ್ವಾರ್ ಹಿಡಿದು ಹೋಗುತ್ತಿದ್ದರು. ಎರಡರಲ್ಲಿ ಯಾವುದು ಹೆಚ್ಚು ನೋವಿನದೆಂದು ಈಗಲೂ ಕೆಲವೊಮ್ಮೆ ಕಚೇರಿಯಲ್ಲಿ ಕೂತು ಲೆಕ್ಕ ಹಾಕುತ್ತೇನೆ. ಅದರಿಂದ ಯಾರಿಗೂ ಪ್ರಯೋಜನವಿಲ್ಲ.

ಕಾರಿನಲ್ಲಿ ಬಾಯಮ್ಮ ಕೇಳಿದ್ದು ಒಂದನ್ನೇ. “ಬೇಬಿಗೆ ಬರೀತೀರಾ? ಬಾಯಮ್ಮನಿಗೆ ಬರ್ಲಿಕ್ಕೆ ಆಗುದಿಲ್ಲ, ಕಾಯ್ಬೇಡ ಅಂತ?”

“ಬರೀತೇನೆ.”

ಮರುವರ್ಷ ಮೊಣಕಾಲು ಸೋತು ಅವರು ಊರಿಗೆ ಹೊರಟರು. ವಿಮಾನ ನಿಲ್ದಾಣಕ್ಕೆ ಬಿಟ್ಟದ್ದು ನಾನೇ. ಗಾಲಿಕುರ್ಚಿಯಲ್ಲಿ ಕೂತವರು ತಟ್ಟನೆ ಕೇಳಿದರು: “ಆವತ್ತು ಬರೆದ್ರಲ್ಲ, ಬೇಬಿ ಎಂತ ಹೇಳಿದ್ಲು? ನೀವು ಹೇಳ್ಲೇ ಇಲ್ಲ.”

ನಾನು ಬರೆದೇ ಇರಲಿಲ್ಲ. “ತುಂಬ ಬೇಜಾರಾಯ್ತಂತೆ,” ಎಂದೆ. “ಅತ್ತಳಂತೆ.”

ಬಾಯಮ್ಮನ ಮುಖ ಅರಳಿತು. ಅದನ್ನು ಬೇರೆ ಹೇಗೂ ಹೇಳಲು ಬರುವುದಿಲ್ಲ. “ಪಾಪ ಮಗು,” ಎಂದು ಸರ ಬಿಚ್ಚಿ, ಗುಂಡಿಯನ್ನು ತೆಗೆದು ನನ್ನ ಅಂಗೈಯಲ್ಲಿಟ್ಟರು. “ನೀವಾದ್ರೆ ಎಂದಾದ್ರೂ ಹೋಗ್ತೀರಿ. ಅವಳ ಕೈಯಲ್ಲೇ ಕೊಡಿ. ಕಬ್ಬಿಣದ ಬ್ರಿಜ್ ದಾಟಿ ಸೀದಾ ಹೋಗಿ, ಗುಡ್ಡೆ ಹತ್ತುವ ಮೊದ್ಲು ಎಡಕ್ಕೆ. ಮೂರನೇ ಮನೆ.”

ಎಂಟು ತಿಂಗಳಲ್ಲಿ ಕಿನ್ನಿಗೋಳಿಯಿಂದ ಸುದ್ದಿ ಬಂತು, ತೀರಿಕೊಂಡರೆಂದು. ಆ ದಿನ ಮೊದಲ ಬಾರಿಗೆ ಆ ಹುಡುಗಿಗೇ ಬರೆದೆ. ಬಾಯಮ್ಮ ಯಾರು, ಅವಳಿಗೆ ಅವಳ ಊರನ್ನು ಕಲಿಸಿದ್ದು ಯಾರು, ಗುಂಡಿ ಯಾವುದು, ಎಲ್ಲ ಬರೆದೆ. ಗುಂಡಿಯನ್ನು ಅಂಚೆಯಲ್ಲಿ ಕಳಿಸಲೇ ಎಂದು ಕೇಳಿದೆ. ಎರಡು ದಿನದಲ್ಲಿ ಉತ್ತರ ಬಂತು, ಒಳ್ಳೆಯ ಹುಡುಗಿಯೇ ಇರಬೇಕು. ಗುಂಡಿಯ ಬಗ್ಗೆ ಏನೂ ಇರಲಿಲ್ಲ. ನಿಮಗಾದ ನಷ್ಟಕ್ಕೆ ನನಗೆ ತುಂಬ ದುಃಖವಾಗಿದೆ ಎಂದು ಬರೆದಿದ್ದಳು. ನಷ್ಟ ನನಗಂತೆ.

ಗುಂಡಿ ಈಗ ಕಚೇರಿಯ ಮೇಜಿನ ಖಾನೆಯಲ್ಲಿ, ಗುಂಡುಪಿನ್ನಿನ ಡಬ್ಬದಲ್ಲಿದೆ. ಅದಕ್ಕೆ ನಂಬರಿಲ್ಲ, ಫೈಲಿಲ್ಲ. ಎಲ್ಲಿ ಕಳೆದುಹೋಗುತ್ತದೋ ಎಂದು ದಿನಕ್ಕೆ ನಾಲ್ಕು ಸಲ ಖಾನೆ ಎಳೆದು ನೋಡುತ್ತೇನೆ.