ಬಟಾಣಿ ಸುಲಿಯುವ ಕೈ

ಚಳಿಗಾಲ ಬಂತೆಂದರೆ ಕೆಳಮನೆಯ ಆಯಿಯ ಬಲಗೈ ಹೆಬ್ಬೆರಳಿನ ಉಗುರು ಹಸಿರಾಗುತ್ತಿತ್ತು. ಬನಾರಸಿನಲ್ಲಿ ಆ ದಿನಗಳಲ್ಲಿ ಮನೆಮನೆಯಲ್ಲೂ ಅವಲಕ್ಕಿಗೆ ಹಸಿಬಟಾಣಿ ಬೀಳಲೇಬೇಕು. ಭೇಲೂಪುರದ ನಮ್ಮ ಬಾಡಿಗೆ ಮನೆಯ ತಾರಸಿಯಲ್ಲಿ ಬಿಸಿಲು ಕಾಯುತ್ತಾ ಆಯಿ ನಮ್ಮ ಪಾಲಿನದನ್ನೂ ಸುಲಿದುಕೊಡುತ್ತಿದ್ದರು. ಗದಗದ ಕಡೆಯ ಹಳ್ಳಿಯವರು. ಗಂಡ ತೀರಿಕೊಂಡ ಮೇಲೆ ಕಾಶಿಯಲ್ಲೇ ಕಣ್ಣು ಮುಚ್ಚಬೇಕೆಂದು ಬಂದು, ಇನ್ನು ಕಾಶಿಯ ಎಲ್ಲೆಯಾದ ವರುಣಾ ನದಿ ದಾಟುವುದಿಲ್ಲ ಎಂದು ಆಣೆ ಮಾಡಿದ್ದರು. ಸಾಯಲು ಬಂದವರಿಗೆ ಅಷ್ಟೊಂದು ನಗು ಎಲ್ಲಿಂದ ಬರುತ್ತಿತ್ತೋ.

ಅದೇ ತಾರಸಿಯಲ್ಲಿ ನಾನು ಪಿಟೀಲು, ನನ್ನ ಜೊತೆಗಿದ್ದ ಗೆಳತಿ ಸ್ಯಾಕ್ಸೊಫೋನ್ ಹಿಡಿದು ಕೂರುತ್ತಿದ್ದೆವು. ನಮ್ಮದು ಜಾಝ್‌ನಲ್ಲೇ ಹದ್ದುಮೀರಿದ ಬಗೆ. ಮೊದಲೇ ಗೊತ್ತುಮಾಡಿಕೊಂಡ ಧಾಟಿಯಿಲ್ಲ, ತಾಳವಿಲ್ಲ. ಒಬ್ಬರನ್ನೊಬ್ಬರು ಕೇಳುತ್ತಾ ಆ ಗಳಿಗೆಗೆ ಹುಟ್ಟಿದ್ದನ್ನು ನುಡಿಸಬೇಕು. ಪಕ್ಕದ ಮನೆಯವರು ಕಿಟಕಿ ಹಾಕಿಕೊಂಡರು. ಆಯಿ ಮಾತ್ರ ಮೊರದ ಬಟಾಣಿ ಮುಗಿಯುವವರೆಗೂ ಕೇಳಿ, "ಇನ್ನೂ ಶ್ರುತಿನ ಮಾಡಾಕತ್ತೀರಿ? ಸುರು ಯಾವಾಗ ಆಗೂದು?" ಎಂದರು.

ಮುಗಿಯಿತು ಎಂದೆ.

"ಹಂಗಾರ ನಾಳಿ ಮತ್ತ ಕೇಳ್ತೇನಿ."

ಕೇಳಿದರು, ದಿನಾ. ಬರಬರುತ್ತಾ ನಾನು ಅವರ ಕೈ ನೋಡತೊಡಗಿದೆ. ನಾವಿಬ್ಬರೂ ನಿಜವಾಗಿ ಕೇಳಿಸಿಕೊಂಡು ನುಡಿಸಿದಾಗ ಆ ಕೈ ತಾನಾಗಿ ನಿಂತುಬಿಡುತ್ತಿತ್ತು. ಬೆರಳಿಗೆ ರೂಢಿಯಾದದ್ದನ್ನು ನಾನು ತುರುಕಿದೊಡನೆ ಮತ್ತೆ ಸಿಪ್ಪೆಯ ಸದ್ದು. ಒಂದು ದಿನ ಬಾಯಿಬಿಟ್ಟೇ ಹೇಳಿದರು: "ಇದು ನಿನ್ನಿ ಅನ್ನ ತಂಗಿ. ಒಗ್ಗರಣಿ ಹಾಕಿ ತಂದೀ." ಸಿಟ್ಟು ಬಂತು. ಹೌದಲ್ಲ ಎಂದೂ ಅನಿಸಿತು.

ಸಾರನಾಥದಲ್ಲಿ ನಮ್ಮ ಮೊದಲ ಕಛೇರಿ ಗೊತ್ತಾಯಿತು. ಆಯಿ ಎದುರಿಗಿಲ್ಲದೆ ನುಡಿಸುವುದು ಹೇಗೆಂದು ನನಗೆ ದಿಗಿಲು. ಆದರೆ ಸಾರನಾಥ ವರುಣಾದ ಆಚೆ. ಆಟೋದಲ್ಲಿ ಹೋಗಿ ಸಂಜೆಯೊಳಗೆ ಬಂದುಬಿಡೋಣ ಎಂದು ಗೋಗರೆದೆ.

"ದಾರ್‍ಯಾಗ ಜೀವ ಹೋದ್ರ? ಇಷ್ಟ ವರ್ಷ ಕಾದದ್ದು ನೀರಾಗ ಹೋಮ ಆಕ್ಕೈತಿ," ಎಂದು ನಕ್ಕು, ಆಮೇಲೆ ಮೆಲ್ಲಗೆ ಹೇಳಿದರು: "ನನ್ನ ಕೈ ನೋಡಿ ನೋಡಿ ನಿನ್ನ ಕಿವಿ ಮೈಗಳ್ಳ ಆಗ್ಯಾವ. ಹೋಗಿ ಬಾ."

ಹೋಗಿ ಬಂದೆ. ಹೆಂಗಾತು ಎಂದು ಕೇಳಿದರು. ಜನ ಚಪ್ಪಾಳೆ ತಟ್ಟಿದರು ಎಂದೆ.

"ನಾ ಅದನ್ನ ಕೇಳಲಿಲ್ಲ."

ಮೊಬೈಲಿನಲ್ಲಿ ರೆಕಾರ್ಡ್ ಆಗಿದ್ದನ್ನು ಹಾಕಹೋದರೆ ತಡೆದರು. "ಮೊದ್ಲ ನೀ ಕೇಳು. ಕೇಳಿ ನನಗ ಹೇಳು."

ಕೇಳಲು ಧೈರ್ಯವಾಗದೆ ಇವತ್ತು ನಾಳೆ ಎಂದು ಮುಂದೆ ಹಾಕಿದೆ. ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಆಯಿ ಏಳಲಿಲ್ಲ. ಬಯಸಿದ ಸಾವು ಅವರಿಗೆ ಸಿಕ್ಕಿತು ಎಂದು ಎಲ್ಲರೂ ಸಮಾಧಾನ ಮಾಡಿಕೊಂಡರು. ನನಗೆ ಆಗಲಿಲ್ಲ.

ಈ ಚಳಿಗಾಲದ ಮೊದಲ ಬಟಾಣಿ ತಂದ ದಿನ, ಮೊರ ಇಟ್ಟುಕೊಂಡು ತಾರಸಿಯಲ್ಲಿ ಕೂತು ಮೊಬೈಲಿನಲ್ಲಿ ಆ ಕಛೇರಿ ಹಾಕಿದೆ. ಬಹಳ ಹೊತ್ತು ನನ್ನ ಕೈ ಸುಲಿಯುತ್ತಲೇ ಇತ್ತು. ನಿನ್ನೆಯ ಅನ್ನವೇ ಜಾಸ್ತಿ. ಕೊನೆಯ ಹತ್ತಿರ ಗೆಳತಿ ಉಸಿರಿಗಾಗಿ ತಡೆದ ಜಾಗದಲ್ಲಿ ನನ್ನ ಕಮಾನು ಒಂದೇ ಸ್ವರ ಹಿಡಿದು ಕಾದಿತ್ತು. ಅಲ್ಲಿ ಕೈ ನಿಂತಿತು.

ಹೇಳೋಣವೆಂದು ಎದ್ದೆ. ಕೆಳಮನೆಗೆ ಬೀಗ ಹಾಕಿತ್ತು.