ಎಲೆಬಳ್ಳಿಗೆ ಹಾಕಿದ ನೀರು

ಇವತ್ತು ನೋಡಿದರೆ ಕಿಟಕಿಯ ಬಳಿಯ ಮನಿಪ್ಲಾಂಟಿನ ಎಲೆಗಳು ಜೋತು ಬಿದ್ದಿದ್ದವು. ತಂಬಿಗೆ ನೀರು ಹಿಡಿದು ಹೋಗಿ ಕುಂಡದ ಮಣ್ಣಿಗೆ ಬೆರಳಿಟ್ಟೆ. ಮಣ್ಣು ಹಸಿಯಾಗಿತ್ತು, ಒಳಗಿನಿಂದ ಕೊಳೆತ ಬೇರಿನ ಹುಳಿ ವಾಸನೆ ಬಂತು. ಅದು ಮೂಗಿಗೆ ಬಡಿದದ್ದೇ ತಡ, ಹಾವೇರಿಯ ಈ ಬಾಡಿಗೆ ಮನೆ ಮರೆತೇ ಹೋಯಿತು. ಬ್ಯಾಡಗಿಯ ನಮ್ಮ ಹಳೆಯ ಮನೆಯ ಪಡಸಾಲೆಯಲ್ಲಿ, ಚಿಗವ್ವನ ಮಂಚದ ಪಕ್ಕದಲ್ಲಿ ನಿಂತಿದ್ದೆ.

ಚಿಗವ್ವ ನಮ್ಮ ಕಾಕನ ಹೆಂಡತಿ. ಮದುವೆಯಾಗಿ ಬರುವಾಗ ಗುತ್ತಲದ ತವರಿನಿಂದ ಎಲೆಬಳ್ಳಿಯ ಒಂದು ತುಂಡನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದಳಂತೆ. ಅದನ್ನು ಖಾಲಿ ಎಣ್ಣೆ ಡಬ್ಬಿಯಲ್ಲಿ ನೆಟ್ಟು, ಬಿಸಿಲು ತಾಗದ ಪಡಸಾಲೆಯ ಮೂಲೆಯಲ್ಲಿ ಗೋಡೆಗೆ ಹಬ್ಬಿಸಿದ್ದಳು. ಅದರ ಹತ್ತಿರ ಬೇರೆ ಯಾರನ್ನೂ ಬಿಡುತ್ತಿರಲಿಲ್ಲ. ತಾನೇ ಬೊಗಸೆಯಲ್ಲಿ ಅಷ್ಟಿಷ್ಟು ನೀರು ಚಿಮುಕಿಸುತ್ತಿದ್ದಳು. ಊಟವಾದ ಮೇಲೆ ಮನೆಮಂದಿಗೆಲ್ಲ ಅದರದೇ ವೀಳ್ಯದೆಲೆ. ನನಗೆ ಮಾತ್ರ ಸುಣ್ಣ ಸವರದ ಬರೀ ಎಲೆ ಕೊಟ್ಟು, "ನಾಲಿಗಿ ತೋರ್ಸು. ಕೆಂಪ ಆಗೇ ಇಲ್ಲಲ್ಲ! ನಿನ್ನ ಗಂಡ ಬಾಳ ಸಿಡುಕ ಇರ್ತಾನ ನೋಡವಾ" ಎಂದು ನಗುತ್ತಿದ್ದಳು. ನಾನು ಅಳುವ ಹಾಗಾಗುತ್ತಿದ್ದೆ. ಅಂಥ ನಗುವನ್ನು ಆಮೇಲೆ ಯಾರ ಬಾಯಲ್ಲೂ ಕೇಳಲಿಲ್ಲ.

ನಮ್ಮ ಮನೆಗೆ ಮೊದಲ ಮೊಬೈಲು ಬಂದ ವರ್ಷವೇ ಅವಳ ಕಿಡ್ನಿ ಕೈಕೊಟ್ಟವು. ದಿನಕ್ಕೆ ಎರಡು ಲೋಟ ನೀರು, ಅದಕ್ಕಿಂತ ಹೆಚ್ಚು ಕೊಟ್ಟರೆ ಜೀವಕ್ಕೇ ಅಪಾಯ ಎಂದರು ಹುಬ್ಬಳ್ಳಿಯ ಡಾಕ್ಟರು. ಅದು ಮೆಣಸಿನಕಾಯಿಯ ಸುಗ್ಗಿ ಬೇರೆ. ಊರಿಗೆ ಊರೇ ಘಾಟು, ಎಲ್ಲರ ಗಂಟಲೂ ಒಣಗುವ ದಿನಗಳು. ಹೊಸ್ತಿಲು ದಾಟಿದವರಿಗೆ ಮೊದಲು ತಂಬಿಗೆ ನೀರು ಕೊಟ್ಟೇ ಮಾತಿಗೆ ಕೂರುವ ಮನೆಯಲ್ಲಿ ನೀರಿನ ಕೊಡ ಹಿತ್ತಿಲಿಗೆ ಹೋಯಿತು. ಬೀಗರು ಬಂದರೂ ಹಿತ್ತಿಲಿಗೆ ಕರೆದೊಯ್ದು ನೀರು ಕೊಡುತ್ತಿದ್ದೆವು. ನಾವೂ ಅಲ್ಲೇ ಕದ್ದು ಕುಡಿದು, ಬಾಯಿ ಒರೆಸಿಕೊಂಡು ಒಳಗೆ ಬರುತ್ತಿದ್ದೆವು. ಪ್ರೀತಿಯವರಿಂದ ನೀರು ಬಚ್ಚಿಟ್ಟಿದ್ದರೆ ನಿಮಗೂ ಗೊತ್ತಿರುತ್ತದೆ, ಆ ನೀರು ಗಂಟಲಲ್ಲಿ ಸಲೀಸಾಗಿ ಇಳಿಯುವುದಿಲ್ಲ. ಚಿಗವ್ವ ಬಳ್ಳಿಯ ಒಂದು ಎಲೆ ಕೀಳಿಸಿಕೊಂಡು ದವಡೆಗೆ ಇಟ್ಟುಕೊಳ್ಳುವಳು. ಅದರ ಖಾರಕ್ಕೆ ಬಾಯಲ್ಲಿ ಒಂದಿಷ್ಟು ಜೊಲ್ಲು ಊರುತ್ತಿತ್ತು. "ಇದಽ ನೋಡ್ರಿ ಈಗ ನನ್ನ ನೀರು" ಎನ್ನುತ್ತಿದ್ದಳು.

ಆ ಬಳ್ಳಿಯೂ ಜೋಲತೊಡಗಿತು. ಮಂಚದಿಂದ ಏಳಲಾರದ ಚಿಗವ್ವ ಅದನ್ನೇ ನೋಡುತ್ತಾ, "ಅದಕ್ಕೂ ನೀರಡಿಕಿ ಆಗೇತಿ. ನನ್ನಂಗ ಮಾಡಬ್ಯಾಡ್ರಿ ಅದನ್ನ, ನೀರ ಹಾಕ್ರಿ" ಎಂದಳು. ಹೇಳಿಸಿಕೊಳ್ಳುವುದನ್ನೇ ಕಾಯುತ್ತಿದ್ದವರಂತೆ ನಾವೆಲ್ಲ ಹಾಕಿದೆವು. ಅಜ್ಜಿ ಬೆಳಿಗ್ಗೆ ಎದ್ದವಳೇ ಹಾಕಿದಳು. ಕಾಕ ದಲಾಲಿ ಅಂಗಡಿಯಿಂದ ಬಂದವನೇ ಚಪ್ಪಲಿ ಬಿಡುವ ಮೊದಲೇ ಹಾಕಿದ. ಅವ್ವ ಹಾಕಿದಳು, ಸಾಲೆಯಿಂದ ಬಂದು ನಾನೂ ಹಾಕಿದೆ. ಆ ಮನೆಯಲ್ಲಿ ಮನಸಾರೆ ನೀರು ಕೊಡಬಹುದಾಗಿದ್ದ ಜೀವ ಅದೊಂದೇ ಆಗಿತ್ತು. ಅದು ಜೋತಷ್ಟೂ ಸುರಿದೆವು. ಎಲೆ ಹಳದಿಯಾಗಿ ಒಂದೊಂದೇ ಉದುರಿತು. ಕಾಕ ಸಂತೆಯಿಂದ ಎಲೆಯ ಕಟ್ಟು ತಂದುಕೊಟ್ಟರೆ ಚಿಗವ್ವ ಒಂದನ್ನು ಬಾಯಿಗಿಟ್ಟು, "ಬ್ಯಾಡ ಬಿಡ್ರಿ" ಎಂದು ತೆಗೆದುಬಿಟ್ಟಳು. ಮುಂಗಾರು ಶುರುವಾಗುವ ಮೊದಲೇ ಹೋಗಿಬಿಟ್ಟಳು.

ದಿನಕರ್ಮವೆಲ್ಲ ಮುಗಿದ ಮೇಲೆ ಕಾಕ ಆ ಡಬ್ಬಿಯನ್ನು ಹಿತ್ತಿಲಿಗೆ ಹೊತ್ತು ತಂದು ಬೋರಲು ಹಾಕಿದ. ದಳದಳನೆ ಕಪ್ಪು ನೀರು ಸುರಿಯಿತು, ಅದರ ಹಿಂದೆ ಕೊಳೆತ ಬೇರು. ಡಬ್ಬಿಯ ತಳಕ್ಕೆ ಒಂದು ತೂತೂ ಇರಲಿಲ್ಲ. ಅವಳೇಕೆ ಬೊಗಸೆಯಲ್ಲಿ ಅಳೆದು ಹಾಕುತ್ತಿದ್ದಳೆಂದು ನಮಗೆ ತಿಳಿದದ್ದು ಆಗ. ಅಜ್ಜಿ ಹರಿದುಹೋಗುವ ನೀರನ್ನೇ ನೋಡುತ್ತಾ ಅಲ್ಲೇ ಕೂತಳು.

"ಇಷ್ಟ ನೀರು ಇದಕ್ಕ ಕುಡಿಸೇವಲ್ಲೋ ತಮ್ಮಾ. ನನ್ನ ಸೊಸಿ ಹನಿ ನೀರಿಗೆ ಬಾಯಿ ಬಿಟಗೊಂಡು ಹೋದ್ಲು."

ನೀರು ಬಟ್ಟೆ ಒಗೆಯುವ ಕಲ್ಲಿನವರೆಗೆ ಹರಿದು ಇಂಗಿತು.

ಈಗ ಆ ಮನೆಯೂ ಇಲ್ಲ, ಅಜ್ಜಿಯೂ ಇಲ್ಲ. ಮನಿಪ್ಲಾಂಟಿನ ಮುಂದೆ ನಿಂತಿದ್ದೇನೆ. ಇದಕ್ಕೆ ನೀರು ಹಾಕಬಾರದೆಂದು ಗೊತ್ತು. ಆದರೂ ಕೈಯಲ್ಲಿರುವ ತಂಬಿಗೆಯನ್ನು ಕೆಳಗಿಡಲು ಮನಸ್ಸು ಬರುತ್ತಿಲ್ಲ.