ಐದನೇ ಟೇಪಿನ ಕೆಂಪು ಚೀಟಿ

ನೋಂದಣಿ ಕಚೇರಿಯ ಕಂಪ್ಯೂಟರ್ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ಕಳೆದ ಹೆಂಗಸನ್ನು ಎಲ್ಲರೂ ಕರೆಯುವುದು ಟೇಪಕ್ಕ ಎಂದು. ಊರಿನ ಹುಟ್ಟು, ಸಾವುಗಳೆಲ್ಲ ಬೀರುವಿನಷ್ಟು ದೊಡ್ಡದಾದ ಹಳೆಯ ಯಂತ್ರವೊಂದರಲ್ಲಿವೆ. ಮಧ್ಯಾಹ್ನ ಊಟಕ್ಕೆ ಕೌಂಟರ್ ಮುಚ್ಚಿದಾಗ ಅವುಗಳ ಪ್ರತಿಯನ್ನು ಟೇಪಿಗೆ ಇಳಿಸುವುದು ಅವಳ ಕೆಲಸ. ಹತ್ತು ಟೇಪು, ದಿನಕ್ಕೊಂದರ ಸರದಿ; ಹೊಸ ಪ್ರತಿ ಇಳಿದರೆ ಆ ಟೇಪಿನ ಹಳೆಯದು ಅಳಿಸಿಹೋಗುತ್ತದೆ.

ಯಾವ ಟೇಪನ್ನು ಎಷ್ಟು ದಿನ ಅಳಿಸಬಾರದು ಎಂದು ಯಂತ್ರಕ್ಕೇ ಹೇಳಿಡಬಹುದು. ಟೇಪಕ್ಕ ಎಲ್ಲದಕ್ಕೂ ಸೊನ್ನೆ ದಿನ, ಅಂದರೆ ಯಾವಾಗ ಬೇಕಾದರೂ ಅಳಿಸಬಹುದು, ಎಂದು ಬರೆದಿದ್ದಳು. “ಯಂತ್ರ ಯಾರು ನನ್ನನ್ನ ತಡೆಯಕ್ಕೆ?” ಅಳಿಸಬಾರದ ಟೇಪಿಗೆ ಕೆಂಪು ಚೀಟಿ ಅಂಟಿಸಿ, ನೋಟ್‌ಬುಕ್ಕಿನಲ್ಲಿ ಗುರುತು ಹಾಕಿ, ಕಪಾಟಿನಲ್ಲಿಟ್ಟು ಬೀಗ ಹಾಕುತ್ತಿದ್ದಳು. ಐದನೇ ಟೇಪಿಗೆ ಅಂಥ ಚೀಟಿಯಿತ್ತು. ಡಿಸ್ಕ್ ಸುಟ್ಟುಹೋದ ವರ್ಷ ಹುಟ್ಟಿದ ಮಕ್ಕಳ ದಾಖಲೆ ಉಳಿದದ್ದು ಅದೊಂದರಲ್ಲೇ, ಉಳಿಸಿದವಳು ಟೇಪಕ್ಕನೇ.

ಆರು ತಿಂಗಳ ಹಿಂದೆ ಅದೇ ಕೋಣೆಗೆ ವರ್ಗವಾಗಿ ಬಂದವಳು ಅವಳ ಓರಗಿತ್ತಿ, ಮೈದುನನ ಹೆಂಡತಿ. ಒಂದೇ ಮನೆ, ಒಂದೇ ಬಸ್ಸು, ಈಗ ಒಂದೇ ಕೋಣೆ. “ಚಿಕ್ಕವಳು ಒಲೆ ಮುಂದೆ ನಿಂತ್ರೆ ಹಾಲು ಕೂಡ ಉಕ್ಕಕ್ಕೆ ಹೆದರುತ್ತೆ” ಎಂಬ ಅತ್ತೆಯ ಮಾತನ್ನು ಟೇಪಕ್ಕ ಮನೆಯಲ್ಲಿ ಹೇಗೋ ನುಂಗಿಕೊಂಡಿದ್ದಳು. ಕಚೇರಿಯಲ್ಲಿ ಅದು ಗಂಟಲಲ್ಲೇ ಸಿಕ್ಕಿಕೊಂಡಿತು.

ಓರಗಿತ್ತಿ ನೋಟ್‌ಬುಕ್ಕನ್ನು ಒಂದು ವಾರ ಎರವಲು ಪಡೆದು, ಕೀಲಿಮಣೆಯ ಮುಂದೆ ಕೂತು ವ್ಯವಸ್ಥೆಯನ್ನೇ ಬದಲಿಸಿದಳು. ಹತ್ತೂ ಟೇಪುಗಳು ಈಗ ಯಂತ್ರದೊಳಗೇ. ಹೊತ್ತಿಗೆ ಸರಿಯಾಗಿ ಅದರ ಕೈ ಸರದಿಯ ಟೇಪನ್ನು ತಾನೇ ಎತ್ತಿಕೊಳ್ಳುತ್ತದೆ. ಆ ಟೇಪು ಬರೆಸಿಕೊಳ್ಳದಿದ್ದರೆ ಮುಂದಿನದಕ್ಕೆ ಹೋಗುತ್ತದೆ. ಸೊನ್ನೆ ದಿನಗಳನ್ನು ಏನು ಮಾಡಿದೆ ಎಂದು ಟೇಪಕ್ಕ ಕೇಳಲಿಲ್ಲ. ಕೇಳಿದರೆ ಅವಳಿಂದ ಕಲಿತಂತಾಗುತ್ತಿತ್ತು.

“ಗುರುವಾರ ನಂಗೆ ಒಂದ್ಸಲ ನಡೆಸಿ ತೋರ್ಸಿ,” ಎಂದರು ಮೇಲ್ವಿಚಾರಕರು. “ಸರಿಹೋದ್ರೆ ಕೋಣೆ ಬೀಗದ ಕೈ ಚಿಕ್ಕವರಿಗೆ. ನೀವೂ ಎಷ್ಟಂತ ಒದ್ದಾಡ್ತೀರಿ ಟೇಪಕ್ಕ?”

ಗುರುವಾರ ನಾಲ್ಕನೇ ಟೇಪಿನ ಸರದಿ. ಓರಗಿತ್ತಿ ಚಹಾಕ್ಕೆ ಹೋದಾಗ ಟೇಪಕ್ಕ ಅದನ್ನು ಹೊರತೆಗೆದು, ಅಂಚಿನಲ್ಲಿರುವ ಪುಟ್ಟ ಚಿಲಕವನ್ನು ಉಗುರಿನಿಂದ ಸರಿಸಿ, ಮತ್ತೆ ಒಳಗಿಟ್ಟಳು. ಆ ಚಿಲಕ ಬಿದ್ದರೆ ಟೇಪಿನ ಮೇಲೆ ಒಂದಕ್ಷರವೂ ಮೂಡುವುದಿಲ್ಲ. ಸಾಹೇಬರ ಮುಂದೆ ಒಂದು ಸಲ ಮುಗ್ಗರಿಸಲಿ, ಅಷ್ಟೇ ಅವಳಿಗೆ ಬೇಕಿದ್ದದ್ದು.

ಒಂದು ಗಂಟೆಗೆ ಯಂತ್ರದ ಕೈ ಎದ್ದಿತು. ನಾಲ್ಕನೆಯದನ್ನು ಒಳಗೆ ತಳ್ಳಿತು, ಗೊರಗುಟ್ಟಿತು, ಹೊರಗಿಟ್ಟಿತು. ಮೇಲ್ವಿಚಾರಕರು ಹುಬ್ಬೇರಿಸಿದರು. ಟೇಪಕ್ಕನ ತುಟಿಯಂಚಿನಲ್ಲಿ ನಗು ಇಣುಕುವಷ್ಟರಲ್ಲಿ ಕೈ ಪಕ್ಕಕ್ಕೆ ಜಾರಿ ಕೆಂಪು ಚೀಟಿಯ ಟೇಪನ್ನು ಹಿಡಿಯಿತು. ನಾಲ್ಕರ ಮುಂದಿನದು ಐದು ಎಂಬುದು ಅವಳಿಗೆ ಹೊಳೆದೇ ಇರಲಿಲ್ಲ. ಯಂತ್ರಕ್ಕೆ ಚೀಟಿಯ ಬಣ್ಣ ಕಾಣುವುದಿಲ್ಲ.

“ನಿಲ್ಸೇ! ಐದು ಹೋಗುತ್ತೆ, ನಿಲ್ಸು!”

“ಏನೂ ಆಗಲ್ಲ ಅಕ್ಕ. ನೋಡಿ,” ಎಂದಳು ಓರಗಿತ್ತಿ.

ಪರದೆಯ ಮೇಲೆ ಸಾಲೊಂದು ಮೂಡಿತು: ‘ಟೇಪು ಐದು. ಅವಧಿ: ಶಾಶ್ವತ. ಅಕ್ಕನ ಕೆಂಪು ಚೀಟಿ, ಮುಟ್ಟಬಾರದು.’ ಕೈ ಐದನ್ನು ಇದ್ದಲ್ಲೇ ಬಿಟ್ಟು ಆರಕ್ಕೆ ಹೋಯಿತು. ಪ್ರತಿ ಇಳಿಯತೊಡಗಿತು. ನೋಟ್‌ಬುಕ್ಕಿನ ಒಂದೊಂದು ಗುರುತನ್ನೂ ಅವಳು ಯಂತ್ರಕ್ಕೆ ಹೇಳಿಕೊಟ್ಟಿದ್ದಳು.

ಓರಗಿತ್ತಿ ನಾಲ್ಕನೇ ಟೇಪನ್ನು ತೆಗೆದು ನೋಡಿದಳು. ಚಿಲಕ ಕಂಡಿತು. ಟೇಪಕ್ಕನ ಮುಖವನ್ನೂ ಒಂದು ಕ್ಷಣ ನೋಡಿದಳು.

“ಚಿಲಕ ತಾನಾಗೇ ಜಾರಿರ್ಬೇಕು ಸಾರ್. ಹಳೇ ಟೇಪು.”

“ಎಷ್ಟು ತಾಳ್ಮೆ ನೋಡಿ ಈ ಹುಡುಗಿಗೆ!” ಎಂದರು ಮೇಲ್ವಿಚಾರಕರು.

ಕೆಲಸದ ಹೆಸರು ಅವಳಿಗೆ, ಒಲೆಯ ಹೆಸರು ಅವಳಿಗೆ. ಈಗ ದೊಡ್ಡ ಮನಸ್ಸಿನ ಹೆಸರೂ ಅವಳಿಗೇ? ಟೇಪಕ್ಕನಿಗೆ ಅದನ್ನು ತಡೆದುಕೊಳ್ಳಲಾಗಲಿಲ್ಲ.

“ಜಾರಿಲ್ಲ ಸಾರ್. ನಾನೇ ಸರಿಸಿದ್ದು.”

ಮೇಲ್ವಿಚಾರಕರು ಕನ್ನಡಕ ತೆಗೆದು ಒರೆಸಿಕೊಂಡರು. ಟೇಪಕ್ಕ ಕೊರಳ ದಾರದಿಂದ ಬೀಗದ ಕೈ ಬಿಚ್ಚಿ ಮೇಜಿನ ಮೇಲಿಟ್ಟಳು. ನೋಟ್‌ಬುಕ್ಕನ್ನು ಮಾತ್ರ ಕೈಚೀಲಕ್ಕೆ ಹಾಕಿಕೊಂಡಳು.

ಸಂಜೆ ಬಸ್ಸಿನಲ್ಲಿ ಓರಗಿತ್ತಿ ಕಿಟಕಿಯ ಪಕ್ಕದ ಸೀಟಿನ ಮೇಲೆ ಚೀಲವಿಟ್ಟು ಕಾಯುತ್ತಿದ್ದಳು. “ಬನ್ನಿ ಅಕ್ಕ, ಜಾಗ ಹಿಡಿದಿದ್ದೀನಿ.”

“ನೀನೇ ಕೂತ್ಕೋ,” ಎಂದಳು ಟೇಪಕ್ಕ. ಮನೆಯವರೆಗೂ ಅವಳು ಕಂಬಿ ಹಿಡಿದು ನಿಂತೇ ಬಂದಳು.